ಹೆಗಲ ಭಾರವನ್ನೂ ಲೆಕ್ಕಕ್ಕೆ ಹಿಡಿದ ಲೆಕ್ಕಿಗ

ಎಲೆಕ್ಟ್ರಿಕ್ ಗಿಟಾರಿನ ಒಡಲು ಇಡಿಯಾದ ಗಟ್ಟಿ ಮರದ್ದಾಗಿರಬೇಕೇ ಅಥವಾ ಒಳಗೆ ಕೊರೆದು ಹಗುರಗೊಳಿಸಿದ್ದಾಗಿರಬೇಕೇ ಎಂಬುದು ಪಾಶ್ಚಾತ್ಯ ಸಂಗೀತಗಾರರ ನಡುವೆ ದಶಕಗಳಿಂದ ನಡೆದುಬಂದಿರುವ ವಾದ. ಒಂದು ಪಕ್ಷಕ್ಕೆ ಮರದ ಗಟ್ಟಿತನವೇ ನಾದದ ಜೀವಾಳ. ಇನ್ನೊಂದು ಪಕ್ಷಕ್ಕೆ ಗಂಟೆಗಟ್ಟಲೆ ನಿಂತು ನುಡಿಸುವವರ ಹೆಗಲು ಮತ್ತು ಬೆನ್ನೇ ಮುಖ್ಯ. ಹೊರಗಿನವರಿಗೆ ಇದು ಕ್ಷುಲ್ಲಕವೆಂದು ತೋರಬಹುದು. ಆದರೆ ಅರ್ಥಶಾಸ್ತ್ರ ಓದಿದವರಿಗೆ ಇದರಲ್ಲಿ ಹಳೆಯ ಪ್ರಶ್ನೆಯೊಂದು ಕೇಳಿಸದೆ ಇರದು: ತಯಾರಿಕೆಯಲ್ಲಿ ಉಳಿಸಿದ ವೆಚ್ಚವನ್ನು ಕೊನೆಗೆ ಹೊರುವವರು ಯಾರು? ಈ ಪ್ರಶ್ನೆಯನ್ನು ಮರದ ಹಲಗೆಯೊಂದರ ಮೇಲೆ ಕಣ್ಣಿಗೆ ಕಾಣುವಂತೆ ಬಿಡಿಸಿ ತೋರಿಸಿದವರು ಲಿಯೊ ಫೆಂಡರ್. ವೃತ್ತಿಯಿಂದ ಲೆಕ್ಕಿಗರಾಗಿದ್ದ, ಜೀವಮಾನವಿಡೀ ಗಿಟಾರ್ ನುಡಿಸಲು ಕಲಿಯದೇ ಇದ್ದ ಈ ವ್ಯಕ್ತಿ ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತದ ಸ್ವರೂಪವನ್ನೇ ಬದಲಿಸಿದರು ಎಂಬುದು ಇತಿಹಾಸದ ಸೋಜಿಗಗಳಲ್ಲೊಂದು.

ಫೆಂಡರ್ ಹುಟ್ಟಿದ್ದು 1909ರ ಆಗಸ್ಟ್ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಅನಹೈಮ್ ಮತ್ತು ಫುಲ್ಲರ್ಟನ್ ಪಟ್ಟಣಗಳ ನಡುವಿನ ಕಿತ್ತಳೆ ತೋಟವೊಂದರಲ್ಲಿ. ತಂದೆತಾಯಿ ತೋಟಗಾರಿಕೆಯಿಂದ ಬದುಕುತ್ತಿದ್ದವರು. ಎಂಟನೆಯ ವಯಸ್ಸಿನಲ್ಲಿ ಗೆಡ್ಡೆಯೊಂದರ ಕಾರಣದಿಂದ ಬಾಲಕ ಒಂದು ಕಣ್ಣನ್ನು ಕಳೆದುಕೊಂಡು ಗಾಜಿನ ಕಣ್ಣಿನೊಂದಿಗೆ ಬೆಳೆಯಬೇಕಾಯಿತು. ವಾಹನಗಳ ವಿದ್ಯುತ್ ಉಪಕರಣಗಳನ್ನು ದುರಸ್ತಿ ಮಾಡುತ್ತಿದ್ದ ಬಂಧುವೊಬ್ಬ ಹಳೆಯ ಬ್ಯಾಟರಿ ಮತ್ತು ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ಕಳುಹಿಸಿಕೊಟ್ಟದ್ದು ಆತನ ಹದಿಹರೆಯದ ಆರಂಭದಲ್ಲಿ. ಮುಂದೆ ಅದೇ ಅಂಗಡಿಯಲ್ಲಿ ಕಂಡ ರೇಡಿಯೊ ಹುಡುಗನ ಮನಸ್ಸನ್ನು ಸಂಪೂರ್ಣವಾಗಿ ಸೆಳೆಯಿತು. ಶಾಲೆಯಲ್ಲಿದ್ದಾಗಲೇ ನೆರೆಹೊರೆಯವರ ರೇಡಿಯೊಗಳನ್ನು ರಿಪೇರಿ ಮಾಡತೊಡಗಿದರು. ಆದರೂ ಫುಲ್ಲರ್ಟನ್ ಜೂನಿಯರ್ ಕಾಲೇಜಿನಲ್ಲಿ ಓದಿದ್ದು ಲೆಕ್ಕಶಾಸ್ತ್ರವನ್ನು. ವಿದ್ಯುತ್ತಿನ ವಿದ್ಯೆ ಅವರಿಗೆ ಒಲಿದದ್ದು ಸ್ವಂತ ಅಭ್ಯಾಸದಿಂದ.

ಮಂಜುಗಡ್ಡೆ ಮತ್ತು ಶೀತಲಗೃಹದ ಕಂಪನಿಯೊಂದರಲ್ಲಿ, ಬಳಿಕ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ, ಅನಂತರ ಟೈರ್ ಕಂಪನಿಯೊಂದರಲ್ಲಿ ಅವರು ಲೆಕ್ಕ ಬರೆದರು. ಅದು ಆರ್ಥಿಕ ಮಹಾಕುಸಿತದ ಕಾಲ. ಟೈರ್ ಕಂಪನಿ ತನ್ನ ಲೆಕ್ಕಪತ್ರ ವಿಭಾಗವನ್ನೇ ಮುಚ್ಚಿದಾಗ ಫೆಂಡರ್ ನಿರುದ್ಯೋಗಿಯಾದರು. 1938ರಲ್ಲಿ 600 ಡಾಲರ್ ಸಾಲ ಪಡೆದು ಫುಲ್ಲರ್ಟನ್‌ನಲ್ಲಿ ರೇಡಿಯೊ ರಿಪೇರಿ ಅಂಗಡಿ ತೆರೆದರು. ಊರಿನ ವಾದ್ಯಗೋಷ್ಠಿಯವರು ತಮ್ಮ ಮೈಕು, ಆಂಪ್ಲಿಫೈಯರ್‌ಗಳನ್ನು ಅಲ್ಲಿಗೇ ತರುತ್ತಿದ್ದರು. ರಿಪೇರಿಗೆ ಬಂದವರ ದೂರುಗಳನ್ನು ತಾಳ್ಮೆಯಿಂದ ಕೇಳುವುದು, ಯಾವ ಭಾಗ ಪದೇ ಪದೇ ಕೆಡುತ್ತದೆ ಎಂಬುದನ್ನು ಗಮನಿಸುವುದು ಅವರ ಅಭ್ಯಾಸವಾಯಿತು. ವಾದ್ಯ ತಯಾರಕರಾಗುವುದಕ್ಕೆ ಅವರಿಗೆ ದೊರೆತ ತರಬೇತಿ ಇಷ್ಟೇ. ಅದು ಕಡಿಮೆಯದೇನೂ ಆಗಿರಲಿಲ್ಲ.

ಇಲ್ಲಿ ವಾದ್ಯದ ಸ್ವರೂಪದ ಬಗೆಗೆ ಸ್ವಲ್ಪ ವಿವರಣೆ ಅಗತ್ಯ. ನಮ್ಮ ವೀಣೆಯ ಕೊಡವನ್ನು ಹಲಸಿನ ಮರದಲ್ಲಿ ಕೊರೆದು ಟೊಳ್ಳು ಮಾಡುತ್ತಾರೆ. ತಂತಿಯ ಕಂಪನ ಮೇಲಿನ ಹಲಗೆಗೆ ಹರಡಿ, ಒಳಗಿನ ಗಾಳಿಯನ್ನು ಮಿಡಿಸಿ ನಾದವಾಗಿ ಹೊರಬರುತ್ತದೆ. ಸಾಂಪ್ರದಾಯಿಕ ಗಿಟಾರಿನ ತತ್ವವೂ ಇದೇ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಈ ಕೆಲಸ ಪಿಕಪ್ಪಿನದು. ಅಯಸ್ಕಾಂತದ ಸುತ್ತ ತಾಮ್ರದ ಸಣ್ಣ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಉಕ್ಕಿನ ತಂತಿ ಅದರ ಮೇಲೆ ಮಿಡಿದಾಗ ಕಾಂತಕ್ಷೇತ್ರ ಕದಡಿ ಕ್ಷೀಣವಾದ ವಿದ್ಯುತ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ಮ್ಯಾಂಡೋಲಿನ್ ಯು. ಶ್ರೀನಿವಾಸ್ ಅವರ ಪುಟ್ಟ ಎಲೆಕ್ಟ್ರಿಕ್ ವಾದ್ಯದಿಂದ ಅಷ್ಟು ತುಂಬಿದ ನಾದ ಹೊಮ್ಮುತ್ತಿದ್ದುದನ್ನು ಕೇಳಿದವರಿಗೆ ಇದರ ಮಹಿಮೆ ಅರ್ಥವಾದೀತು.

ಪಿಕಪ್ ಬಂದ ಮೇಲೂ ಗಿಟಾರಿನ ಒಡಲು ಟೊಳ್ಳಾಗಿಯೇ ಉಳಿದಿತ್ತು. ನೃತ್ಯಶಾಲೆಗಳಲ್ಲಿ ಧ್ವನಿಯನ್ನು ಏರಿಸಿದಂತೆ ಧ್ವನಿವರ್ಧಕದ ಸದ್ದು ಟೊಳ್ಳು ಒಡಲನ್ನು ಮತ್ತೆ ಮಿಡಿಸಿ, ನಮ್ಮ ಸಭೆಗಳಲ್ಲಿ ಮೈಕು ಕಿರುಚುವಂತೆ ವಾದ್ಯವೂ ಕಿರುಚುತ್ತಿತ್ತು. ಟೊಳ್ಳನ್ನೇ ತೆಗೆದುಹಾಕುವುದು ಇದಕ್ಕೆ ಪರಿಹಾರ. ಇದನ್ನು ಮೊದಲು ಕಂಡವರು ಫೆಂಡರ್ ಅಲ್ಲ. ರಿಕನ್‌ಬ್ಯಾಕರ್ ಕಂಪನಿ 1930ರ ದಶಕದ ಆರಂಭದಲ್ಲೇ ಅಲ್ಯುಮಿನಿಯಂ ಎರಕದ ಗಿಟಾರ್ ತಂದಿತ್ತು. ಸಂಗೀತಗಾರ ಲೆಸ್ ಪಾಲ್ 1940ರ ಆಸುಪಾಸಿನಲ್ಲಿ ಮರದ ತುಂಡೊಂದಕ್ಕೆ ತಂತಿ ಬಿಗಿದು, ನೋಟಕ್ಕೆ ಗಿಟಾರಿನಂತೆ ಕಾಣಲೆಂದು ಇಕ್ಕೆಲಗಳಲ್ಲಿ ಟೊಳ್ಳು ರೆಕ್ಕೆಗಳನ್ನು ಜೋಡಿಸಿದ್ದರು. ಫೆಂಡರ್ ಕೂಡ ತಮ್ಮ ಜೊತೆಗಾರ ಡಾಕ್ ಕಾಫ್‌ಮನ್ ಅವರೊಡನೆ ಮಹಾಯುದ್ಧದ ದಿನಗಳಲ್ಲಿ ಪಿಕಪ್ ಪರೀಕ್ಷಿಸಲೆಂದೇ ಸಣ್ಣದೊಂದು ಗಟ್ಟಿ ಒಡಲಿನ ಗಿಟಾರ್ ಮಾಡಿದರು. ಪರೀಕ್ಷೆಗೆಂದು ಮಾಡಿದ ಅದನ್ನು ಸ್ಥಳೀಯ ಕಲಾವಿದರು ಬಾಡಿಗೆಗೆ ಒಯ್ಯತೊಡಗಿದಾಗ ಬೇಡಿಕೆ ಎಲ್ಲಿದೆ ಎಂಬುದು ಲೆಕ್ಕಿಗರಿಗೆ ಹೊಳೆಯಿತು. 1946ರಲ್ಲಿ ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್ ಕಂಪನಿ ಸ್ಥಾಪನೆಯಾಯಿತು.

1950ರಲ್ಲಿ ಮಾರುಕಟ್ಟೆಗೆ ಬಂದ ಎಸ್ಕ್ವೈರ್ ಮತ್ತು ಬ್ರಾಡ್‌ಕಾಸ್ಟರ್ ಗಿಟಾರ್‌ಗಳಲ್ಲಿ ಲೆಕ್ಕಿಗನ ಮನಸ್ಸು ಎದ್ದುಕಾಣುತ್ತದೆ. ಸುಮಾರು ಒಂದೂಮುಕ್ಕಾಲು ಅಂಗುಲ ದಪ್ಪದ ಚಪ್ಪಟೆ ಹಲಗೆ. ಅದಕ್ಕೆ ನಾಲ್ಕು ತಿರುಪುಗಳಿಂದ ಬಿಗಿದ ಮೇಪಲ್ ಮರದ ಕತ್ತು. ಹಳೆಯ ಗಿಟಾರ್ ಶಿಲ್ಪಿಗಳು ಕತ್ತನ್ನು ಒಡಲಿಗೆ ಗೋಂದಿನಿಂದ ಬೆಸೆಯುತ್ತಿದ್ದರು. ಕೆಟ್ಟರೆ ನುರಿತ ಕುಶಲಕರ್ಮಿಯೇ ಬೇಕಿತ್ತು. ಫೆಂಡರ್ ಗಿಟಾರಿನ ಕತ್ತು ಕೆಟ್ಟರೆ ತಿರುಪು ಬಿಚ್ಚಿ ಬೇರೊಂದನ್ನು ಹಾಕಿದರಾಯಿತು. ಬಾಗಿಸಿದ ಹಲಗೆಯಿಲ್ಲ, ಒಳಗೆ ಆಸರೆ ಪಟ್ಟಿಗಳಿಲ್ಲ, ಕೆತ್ತನೆಯ ಸೊಬಗಿಲ್ಲ. ರೇಡಿಯೊ ರಿಪೇರಿಯ ಅನುಭವವನ್ನು ಅವರು ವಾದ್ಯಕ್ಕೆ ಇಳಿಸಿದ್ದರು. ಮೊದಲ ಗಿಟಾರ್‌ಗಳ ಕತ್ತು ತಂತಿಯ ಎಳೆತಕ್ಕೆ ಬಾಗಿ ಹಿಂದಿರುಗಿ ಬಂದಾಗ ಒಳಗೆ ಉಕ್ಕಿನ ಸರಳು ಸೇರಿಸಿದರು. ಡ್ರಮ್ ತಯಾರಿಸುತ್ತಿದ್ದ ಗ್ರೆಟ್ಶ್ ಕಂಪನಿ ಹೆಸರಿನ ಬಗೆಗೆ ಆಕ್ಷೇಪವೆತ್ತಿದಾಗ 1951ರಲ್ಲಿ ಬ್ರಾಡ್‌ಕಾಸ್ಟರ್ ಟೆಲಿಕಾಸ್ಟರ್ ಆಯಿತು. ಆಗಷ್ಟೇ ಮನೆಮನೆಗೆ ಬರುತ್ತಿದ್ದ ಟೆಲಿವಿಷನ್ನಿನ ನೆನಪು ತರುವ ಹೆಸರು ಅದು.

ಅದೇ ವರ್ಷ ಬಂದ ಪ್ರಿಸಿಷನ್ ಬಾಸ್ ಇನ್ನೂ ದೊಡ್ಡ ಹೆಜ್ಜೆ. ಅಲ್ಲಿಯವರೆಗೆ ವಾದ್ಯಗೋಷ್ಠಿಯಲ್ಲಿ ಮಂದ್ರದ ಭಾಗ ನುಡಿಸುವವರು ಆಳೆತ್ತರದ ಡಬಲ್ ಬಾಸ್ ವಾದ್ಯವನ್ನು ಊರಿಂದೂರಿಗೆ ಹೊತ್ತೊಯ್ಯಬೇಕಿತ್ತು. ಬಸ್ಸಿನಲ್ಲಿ ಹಿಡಿಸದು, ಕಾರಿನಲ್ಲಿ ತೂರದು. ಇಷ್ಟಾಗಿಯೂ ಎಲೆಕ್ಟ್ರಿಕ್ ಗಿಟಾರಿನ ಅಬ್ಬರದಲ್ಲಿ ಅದರ ದನಿ ಅಡಗಿಹೋಗುತ್ತಿತ್ತು. ಫೆಂಡರ್ ಅದನ್ನು ಹೆಗಲಿಗೆ ಹಾಕಿಕೊಳ್ಳುವ ಗಟ್ಟಿ ಒಡಲಿನ ವಾದ್ಯವಾಗಿ ಮಾರ್ಪಡಿಸಿ, ಸ್ವರಸ್ಥಾನ ತಪ್ಪದಂತೆ ಮೆಟ್ಟಿಲುಗಳನ್ನೂ ಕೊಟ್ಟರು. ಗಟ್ಟಿ ಮರವೆಂದರೆ ಭಾರ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಇಲ್ಲಿ ಗಟ್ಟಿ ಒಡಲೇ ಭಾರವನ್ನು ಇಳಿಸಿತ್ತು. ಟೊಳ್ಳು ವಾದ್ಯಕ್ಕೆ ನಾದಕ್ಕಾಗಿ ಗಾತ್ರ ಬೇಕು, ಗಟ್ಟಿ ವಾದ್ಯಕ್ಕೆ ಬೇಡ.

ಆದರೂ ಲೆಕ್ಕದಲ್ಲೊಂದು ಬಾಬತ್ತು ಬಿಟ್ಟುಹೋಗಿತ್ತು. ಟೆಲಿಕಾಸ್ಟರ್ ಹಲಗೆಯ ಅಂಚುಗಳು ಚೌಕವಾಗಿದ್ದವು. ಯಂತ್ರದಲ್ಲಿ ಕತ್ತರಿಸಲು ಅದು ಸುಲಭ, ಅಗ್ಗ. ಆದರೆ ರಾತ್ರಿಯೆಲ್ಲ ನುಡಿಸುವವರ ಪಕ್ಕೆಲುಬಿಗೆ ಆ ಅಂಚು ಒತ್ತುತ್ತಿತ್ತು, ಮುಂಗೈ ಕೊರೆಯುತ್ತಿತ್ತು. ಕಾರ್ಖಾನೆಯ ಪುಸ್ತಕದಲ್ಲಿ ಉಳಿತಾಯವೆಂದು ಬರೆದದ್ದು ಕಲಾವಿದನ ಮೈಮೇಲೆ ವೆಚ್ಚವಾಗಿ ಬಿದ್ದಿತ್ತು. ಉತ್ಪಾದಕನ ಲೆಕ್ಕದಿಂದ ಹೊರಗುಳಿದು ಇನ್ನೊಬ್ಬರ ಮೇಲೆ ಬೀಳುವ ಇಂಥ ವೆಚ್ಚಗಳ ಬಗೆಗೆ ಅರ್ಥಶಾಸ್ತ್ರಜ್ಞರು ಬಹಳಷ್ಟು ಬರೆದಿದ್ದಾರೆ. ಫೆಂಡರ್ ಬರೆಯಲಿಲ್ಲ, ದೂರು ಕೇಳಿದರು. ಬಿಲ್ ಕಾರ್ಸನ್‌ರಂಥ ಕಲಾವಿದರು ಕಾರ್ಖಾನೆಗೆ ಬಂದು ತಮ್ಮ ಅಸಮಾಧಾನ ತೋಡಿಕೊಳ್ಳುತ್ತಿದ್ದರು. ಹವಾಯಿ ಮೂಲದ ವಾದಕ ಫ್ರೆಡ್ಡಿ ಟವಾರೆಸ್ 1953ರಲ್ಲಿ ಕಂಪನಿ ಸೇರಿ ಹೊಸ ಗಿಟಾರಿನ ರೇಖಾಚಿತ್ರಕ್ಕೆ ಕೈಹಾಕಿದರು.

1954ರಲ್ಲಿ ಹೊರಬಂದ ಸ್ಟ್ರಾಟೊಕಾಸ್ಟರ್ ಗಿಟಾರಿನ ಒಡಲು ಹೊಟ್ಟೆಗೆ ತಾಗುವಲ್ಲಿ ಬಾಗಿಕೊಂಡಿತ್ತು, ಮುಂಗೈ ಊರುವಲ್ಲಿ ಇಳಿಜಾರಾಗಿತ್ತು, ಅಂಚುಗಳೆಲ್ಲ ದುಂಡಗಾಗಿದ್ದವು. ಮರ ಕಡಿಮೆಯಾದಷ್ಟು ತೂಕವೂ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಉಳಿದ ತೂಕ ಮೈಮೇಲೆ ಕೂರುವ ಬಗೆ ಬದಲಾಯಿತು. ಒಳಗೆ ಕೊರೆಯದೆ, ಗಟ್ಟಿ ಒಡಲಿನ ಗುಣ ಕೆಡದಂತೆ ಹೊರಗಿನಿಂದ ಭಾರ ತಗ್ಗಿಸಿದ ಕ್ರಮವಿದು. ಕತ್ತರಿಸುವ, ಉಜ್ಜುವ ಕೆಲಸ ಹೆಚ್ಚಿತು. ಅಂದರೆ ಕಲಾವಿದನ ಪಕ್ಕೆಲುಬು ಹೊರುತ್ತಿದ್ದ ವೆಚ್ಚ ಕಾರ್ಖಾನೆಯ ಪುಸ್ತಕಕ್ಕೆ ಮರಳಿತು. ಇಂದಿಗೂ ಪ್ರಪಂಚದ ಅಸಂಖ್ಯ ಗಿಟಾರ್‌ಗಳು ಈ ಆಕಾರವನ್ನೇ ಅನುಸರಿಸುತ್ತಿವೆ.

ಮರದ ಆಯ್ಕೆಯೂ ಈ ಲೆಕ್ಕದ ಭಾಗವೇ. ಮೊದಲ ಕೆಲವು ಮಾದರಿಗಳು ಪೈನ್ ಮರದವು. ಬಳಿಕ ಅಮೆರಿಕದ ದಕ್ಷಿಣದ ಜೌಗು ಪ್ರದೇಶಗಳಲ್ಲಿ ಬೆಳೆಯುವ ಹಗುರ ಆ್ಯಶ್ ಮರ ಬಂತು. 1956ರ ಹೊತ್ತಿಗೆ ಸ್ಟ್ರಾಟೊಕಾಸ್ಟರ್‌ಗೆ ಬಹುಮಟ್ಟಿಗೆ ಆಲ್ಡರ್ ಮರವನ್ನು ಬಳಸತೊಡಗಿದರು. ಗಟ್ಟಿ ಒಡಲೆಂದರೆ ಭಾರವಿರಲೇಬೇಕು, ಭಾರವಿದ್ದಷ್ಟೂ ನಾದ ಚೆನ್ನು ಎಂದು ವಾದಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಸಂಗ್ರಾಹಕರು ಇಂದು ದುಬಾರಿ ಬೆಲೆ ಕೊಟ್ಟು ಕೊಳ್ಳುವ 1950ರ ದಶಕದ ಟೆಲಿಕಾಸ್ಟರ್‌ಗಳಲ್ಲಿ ಹಲವು ಏಳೆಂಟು ಪೌಂಡಿಗಿಂತ, ಅಂದರೆ ಸುಮಾರು ಮೂರೂವರೆ ಕಿಲೊಗಿಂತ ಹೆಚ್ಚು ತೂಗುವುದಿಲ್ಲ. ಒಳಗೆ ಕೊರೆಯುವ ಪ್ರಶ್ನೆಯೇ ಆಗ ಏಳಲಿಲ್ಲ. ಮರವೇ ಹಗುರವಾಗಿತ್ತು.

1955ರ ಹೊತ್ತಿಗೆ ಫೆಂಡರ್ ಅವರಿಗೆ ಸೈನಸ್ ಸೋಂಕು ತಗುಲಿ, ವರ್ಷಗಟ್ಟಲೆ ಬಿಡದೆ ಕಾಡಿತು. ತಮ್ಮ ಆಯುಸ್ಸು ಮುಗಿಯುತ್ತ ಬಂತೆಂದು ನಂಬಿದ ಅವರು ಕಂಪನಿಯನ್ನು ಮಾರಲು ನಿರ್ಧರಿಸಿದರು. 1965ರ ಜನವರಿಯಲ್ಲಿ ಸಿಬಿಎಸ್ ಪ್ರಸಾರ ಸಂಸ್ಥೆ ಅದನ್ನು 1.3 ಕೋಟಿ ಡಾಲರಿಗೆ ಕೊಂಡಿತು. ಹಿಂದಿನ ವರ್ಷ ಅದೇ ಸಂಸ್ಥೆ ಪ್ರಖ್ಯಾತ ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಶೇ 80ರಷ್ಟು ಪಾಲಿಗೆ ಕೊಟ್ಟದ್ದು 1.12 ಕೋಟಿ ಡಾಲರ್. ಮಾರಾಟವಾದ ಮೇಲೆ ಬೇರೊಬ್ಬ ವೈದ್ಯರ ಚಿಕಿತ್ಸೆಯಿಂದ ಫೆಂಡರ್ ಗುಣಮುಖರಾದರು. ಆದರೆ ಹತ್ತು ವರ್ಷ ಪೈಪೋಟಿಗೆ ಇಳಿಯುವಂತಿಲ್ಲವೆಂಬ ಷರತ್ತು ಒಪ್ಪಂದದಲ್ಲಿತ್ತು.

ಗಟ್ಟಿ ಒಡಲಿನ ಒಳಕ್ಕೆ ಕೊರೆಯುವ ಕಥೆ ಶುರುವಾಗುವುದು ಇಲ್ಲಿಂದ. ಉತ್ಪಾದನೆ ಏರಿದಂತೆ ಹಗುರ ಆ್ಯಶ್ ಮರ ಸಾಕಷ್ಟು ಸಿಗದಾಯಿತು, ಭಾರದ ಮರ ಹೆಚ್ಚಾಗಿ ಬರತೊಡಗಿತು. 1967ರಲ್ಲಿ ಕೆಲವೇ ಕೆಲವು ಟೆಲಿಕಾಸ್ಟರ್‌ಗಳ ಮೇಲ್ಫಲಕದ ಅಡಿಯಲ್ಲಿ ಕುಳಿ ತೋಡಿ ನೋಡಿದರು. 1968ರಲ್ಲಿ ಟೆಲಿಕಾಸ್ಟರ್ ಥಿನ್‌ಲೈನ್ ಬಂತು. ಇದನ್ನು ರೂಪಿಸಿದವರು ರಿಕನ್‌ಬ್ಯಾಕರ್ ಕಂಪನಿಯಿಂದ ಬಂದಿದ್ದ ಜರ್ಮನ್ ಕುಶಲಕರ್ಮಿ ರೋಜರ್ ರೋಸ್‌ಮೈಸ್ಲ್. ಒಡಲನ್ನು ಹಿಂಬದಿಯಿಂದ ಕೊರೆದು ಟೊಳ್ಳಾಗಿಸಿ, ತೆಳುವಾದ ಹಲಗೆಯಿಂದ ಮುಚ್ಚಿ, ಮುಂಬದಿಯಲ್ಲಿ ಪಿಟೀಲಿನಲ್ಲಿರುವಂಥ ಒಂದು ರಂಧ್ರ ಬಿಟ್ಟಿದ್ದರು. ಈ ವಿಧಾನದಿಂದ ಮರದ ಬಳಕೆಯೇನೂ ಕಡಿಮೆಯಾಗುವುದಿಲ್ಲ. ಕೊರೆದ ಮರ ಹೊಟ್ಟಾಗಿ ಹೋಗುತ್ತದೆ, ಕೆಲಸ ಹೆಚ್ಚುತ್ತದೆ. ಆದರೆ ಬಳಸಲಾಗದಷ್ಟು ಭಾರವಾದ ಮರ ಬಳಕೆಗೆ ಬರುತ್ತದೆ. ಅಭಾವ ಕಲಿಸಿದ ಜಾಣತನವಿದು. ಆ ರಂಧ್ರ ವಾದ್ಯದ ಎದೆಯ ಮೇಲೆಯೇ ಇದ್ದುದರಿಂದ ಒಳಗೆ ಟೊಳ್ಳಿದೆಯೆಂಬುದು ಕೊಳ್ಳುವವನಿಗೆ ಗುಟ್ಟಾಗಿರಲಿಲ್ಲ ಎಂಬುದು ಗಮನಾರ್ಹ. ಆದರೆ ಎಲ್ಲ ಗಿಟಾರ್‌ಗಳಿಗೂ ಈ ಭಾಗ್ಯವಿರಲಿಲ್ಲ. 1970ರ ದಶಕದ ಗಟ್ಟಿ ಒಡಲಿನ ಫೆಂಡರ್ ಗಿಟಾರ್‌ಗಳಲ್ಲಿ ಕೆಲವು ಹತ್ತು ಪೌಂಡನ್ನೂ, ಅಂದರೆ ನಾಲ್ಕೂವರೆ ಕಿಲೊವನ್ನೂ ದಾಟಿದವು.

ಎದುರಾಳಿ ಗಿಬ್ಸನ್ ಕಂಪನಿಯ ಅನುಭವ ಇನ್ನಷ್ಟು ಬೋಧಪ್ರದ. ಅದು 1952ರಲ್ಲಿ ತಂದ ಲೆಸ್ ಪಾಲ್ ಗಿಟಾರಿಗೆ ಮಹಾಗನಿಯ ಗಟ್ಟಿ ಒಡಲು, ಮೇಲೆ ಮೇಪಲ್ ಹೊದಿಕೆ. ಅಲ್ಲಿಯೂ ಹಗುರ ಮಹಾಗನಿ ಕಡಿಮೆಯಾದಾಗ 1980ರ ದಶಕದ ಆರಂಭದಿಂದ ಮೇಪಲ್ ಹೊದಿಕೆಯಡಿ ಮಹಾಗನಿಯಲ್ಲಿ ಒಂಬತ್ತು ದುಂಡು ರಂಧ್ರ ಕೊರೆಯುವ ಪದ್ಧತಿ ಬಂತು. ಹೊರಗಿನಿಂದ ಏನೂ ಕಾಣದು. ಕೊಳ್ಳುವವರಿಗೆ ಅದನ್ನು ಸಾರಿ ಹೇಳುವ ರೂಢಿಯೂ ಆಗ ಇರಲಿಲ್ಲ. ತಮ್ಮ ವಾದ್ಯ ಇಡಿಯ ಮರದ್ದೆಂದು ನಂಬಿದ್ದವರಿಗೆ ಮುಂದೆ ವಿಷಯ ತಿಳಿದಾಗ ಮೋಸಹೋದೆವೆಂಬ ಭಾವನೆ ಬಂದುದು ಸಹಜ. 2006ರಿಂದ ಅದೇ ಕಂಪನಿ ಕೆಲವು ಮಾದರಿಗಳಲ್ಲಿ ದೊಡ್ಡ ಕುಳಿಗಳನ್ನೇ ತೋಡಿತು. ಅನಂತರದ ವರ್ಷಗಳಲ್ಲಿ ಯಾವ ಮಾದರಿ ಗಟ್ಟಿ, ಯಾವುದು ಕೊರೆದದ್ದು ಎಂದು ವಿವರಪಟ್ಟಿಯಲ್ಲೇ ನಮೂದಿಸುವ ಕ್ರಮ ನೆಲೆಗೊಂಡಿತು. ರಂಧ್ರ ಕೊರೆದದ್ದು ತಪ್ಪಲ್ಲ. ಅದು ಹೆಗಲಿಗೆ ಉಪಕಾರವೇ. ತೊಡಕಿದ್ದುದು ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಮಾಹಿತಿಯಲ್ಲಿ. ನಾದದಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂಬ ಬಗೆಗೆ ಬಲ್ಲವರಲ್ಲೇ ಒಮ್ಮತವಿಲ್ಲ. ಆದರೆ ತಾನು ಏನನ್ನು ಕೊಳ್ಳುತ್ತಿದ್ದೇನೆ ಎಂದು ತಿಳಿಯುವ ಹಕ್ಕಿನ ಬಗೆಗೆ ಎರಡು ಮಾತಿರಲಾರದು.

ಈ ನಡುವೆ ಫೆಂಡರ್ ಸುಮ್ಮನೆ ಕುಳಿತಿರಲಿಲ್ಲ. ಷರತ್ತಿನ ಅವಧಿ ಮುಗಿದ ಮೇಲೆ 1975ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷರಾದರು. ಮರುವರ್ಷ ಅಲ್ಲಿಂದ ಹೊರಬಂದ ಸ್ಟಿಂಗ್‌ರೇ ಬಾಸ್ ಹೆಸರು ಮಾಡಿತು. 1979ರಲ್ಲಿ ಪತ್ನಿ ಎಸ್ತರ್ ತೀರಿಕೊಂಡರು. ಅದೇ ಆಸುಪಾಸಿನಲ್ಲಿ ಹಳೆಯ ಸಹೋದ್ಯೋಗಿ ಜಾರ್ಜ್ ಫುಲ್ಲರ್ಟನ್ ಅವರೊಡನೆ ಜಿ ಆ್ಯಂಡ್ ಎಲ್ ಎಂಬ ಕಂಪನಿ ಆರಂಭಿಸಿದರು. ಅತ್ತ ಸಿಬಿಎಸ್ 1985ರಲ್ಲಿ ಫೆಂಡರ್ ಕಂಪನಿಯನ್ನು ಅದರ ಸಿಬ್ಬಂದಿಯ ಗುಂಪೊಂದಕ್ಕೆ ಮಾರಿ ಕೈತೊಳೆದುಕೊಂಡಿತು. ಬಂದ ಬೆಲೆ 1.25 ಕೋಟಿ ಡಾಲರ್. ಇಪ್ಪತ್ತು ವರ್ಷಗಳ ಹಣದುಬ್ಬರವನ್ನು ಕಳೆದು ನೋಡಿದರೆ ನಷ್ಟ ಎಷ್ಟೆಂದು ಯಾರಾದರೂ ಊಹಿಸಬಹುದು. ಗುಣಮಟ್ಟ ಕುಸಿದಿತ್ತು, ಅಗ್ಗದ ಜಪಾನಿ ವಾದ್ಯಗಳ ಪೈಪೋಟಿಯೂ ಇತ್ತು. ಕಲಾವಿದರ ದೂರು ಕೇಳುವ ಕಿವಿ ಮುಚ್ಚಿದಾಗ ಮಾರುಕಟ್ಟೆ ತನ್ನ ತೀರ್ಪು ಕೊಟ್ಟಿತ್ತು.

ಪಾರ್ಕಿನ್ಸನ್ ಕಾಯಿಲೆ ಮತ್ತು ಪಾರ್ಶ್ವವಾಯುವಿನ ಆಘಾತಗಳ ನಡುವೆಯೂ ಲಿಯೊ ಫೆಂಡರ್ ಕೊನೆಯವರೆಗೂ ತಮ್ಮ ಕಾರ್ಯಾಗಾರಕ್ಕೆ ಹೋಗುತ್ತಿದ್ದರು. 1991ರ ಮಾರ್ಚ್ 21ರಂದು ತೀರಿಕೊಂಡಾಗ ಅವರಿಗೆ 81 ವರ್ಷ. ಹಿಂದಿನ ದಿನವೂ ಅವರು ಕೆಲಸಕ್ಕೆ ಹೋಗಿದ್ದರು. ಮರುವರ್ಷ ರಾಕ್ ಸಂಗೀತದ ಗೌರವ ಭವನದಲ್ಲಿ ಅವರ ಹೆಸರು ಸೇರಿತು. ಯಾವ ವೇದಿಕೆಯ ಮೇಲೂ ಗಿಟಾರ್ ನುಡಿಸದ ವ್ಯಕ್ತಿಗೆ ಅದು ದೊಡ್ಡ ಗೌರವವೇ ಸರಿ.

ಅವರು ಬಿಟ್ಟುಹೋದ ವಾದ್ಯ ಈಗ ಹೊಸ ಅಭಾವಗಳನ್ನು ಎದುರಿಸುತ್ತಿದೆ. 1960ರ ದಶಕದ ನಡುಭಾಗದಿಂದ ಫೆಂಡರ್ ಗಿಟಾರಿನ ಬೆರಳುಹಲಗೆಗೆ ಬ್ರೆಜಿಲ್‌ನ ರೋಸ್‌ವುಡ್ ಬದಲು ಭಾರತದ ರೋಸ್‌ವುಡ್ ಬಳಕೆಗೆ ಬಂತು. ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಬೀಟೆ ಮರವೇ ಅದು. ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 2017ರಲ್ಲಿ ನಿಯಂತ್ರಣ ಬಂದು, 2019ರಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಆ್ಯಶ್ ಮರವನ್ನು ಏಷ್ಯಾದಿಂದ ಬಂದ ಹಸಿರು ಕೊರಕ ದುಂಬಿ ಕಾಡಿ, 2020ರಲ್ಲಿ ಫೆಂಡರ್ ಕಂಪನಿ ತನ್ನ ಬಹುಪಾಲು ಮಾದರಿಗಳಲ್ಲಿ ಹಗುರ ಆ್ಯಶ್ ಮರದ ಬಳಕೆ ಕೈಬಿಡುವುದಾಗಿ ಪ್ರಕಟಿಸಿತು. ಹಗುರ ಮರ ಅಪರೂಪವಾದಂತೆ ಒಳಗೆ ಕೊರೆಯುವ ಅಗತ್ಯ ಇನ್ನಷ್ಟು ಹೆಚ್ಚೀತು. ಗಟ್ಟಿ ಒಡಲೇ ಶುದ್ಧ, ಕೊರೆದದ್ದು ಕಳಪೆ ಎಂಬ ಹಟಕ್ಕೆ ಆಗ ಅರ್ಥವಿರಲಾರದು. 

ಸರ್ಕಾರಿ ಸೇವೆಯಲ್ಲಿ ಆಯುಷ್ಯದ ಬಹುಭಾಗ ಕಳೆದ ನನಗೆ ಈ ಬದುಕಿನಲ್ಲಿ ಇನ್ನೊಂದು ಪಾಠವೂ ಕಾಣುತ್ತದೆ. ವೆಚ್ಚ ಕಡಿತದ ಪ್ರಸ್ತಾವಗಳನ್ನು ನಾನೂ ಬರೆದಿದ್ದೇನೆ, ಮಂಜೂರು ಮಾಡಿದ್ದೇನೆ. ಒಂದು ಕೌಂಟರ್ ಮುಚ್ಚಿದರೆ ಒಬ್ಬ ಗುಮಾಸ್ತನ ಸಂಬಳ ಉಳಿತಾಯವೆಂದು ಕಡತದಲ್ಲಿ ಅಂದವಾಗಿ ಕಾಣುತ್ತದೆ. ಉಳಿದ ಕೌಂಟರಿನ ಮುಂದೆ ಎರಡು ಗಂಟೆ ಹೆಚ್ಚಿಗೆ ನಿಂತ ಮುದುಕಿಯ ಕಾಲುನೋವು, ಕಳೆದುಹೋದ ಆಕೆಯ ದಿನಗೂಲಿ ಯಾವ ಲೆಕ್ಕ ಶೀರ್ಷಿಕೆಯಲ್ಲೂ ಬರುವುದಿಲ್ಲ. ಲೆಕ್ಕ ತಪ್ಪಿಲ್ಲ, ಲೆಕ್ಕಪರಿಶೋಧಕರ ಆಕ್ಷೇಪಣೆಯೂ ಇಲ್ಲ. ಭಾರ ಮಾತ್ರ ಒಂದು ಹೆಗಲಿನಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಜಾರಿರುತ್ತದೆ.

ಲಿಯೊ ಫೆಂಡರ್ ಕೂಡ ಮೊದಲು ಉಳಿತಾಯವನ್ನೇ ನೋಡಿದವರು. ಚೌಕ ಅಂಚಿನ ಆ ಹಲಗೆ ಅದಕ್ಕೆ ಸಾಕ್ಷಿ. ಆದರೆ ನೊಂದವರು ಬಂದು ಹೇಳಿದಾಗ ಅವರು ವಾದಕ್ಕಿಳಿಯದೆ ಹಲಗೆಯನ್ನು ಮತ್ತೆ ಕೆತ್ತಿಸಿದರು. ಬಳಸುವವನ ಮೈಗೆ ತಾಗುವ ನೋವನ್ನು ತಯಾರಿಸುವವನ ಲೆಕ್ಕದಲ್ಲಿ ಬರೆದುಕೊಂಡರು. ಒಡಲು ಗಟ್ಟಿಯಿರಲಿ, ಟೊಳ್ಳಿರಲಿ, ವಾದ್ಯವನ್ನು ಅಳೆಯುವ ಮಾನದಂಡ ಅದು. ಆಡಳಿತವನ್ನು ಅಳೆಯಲೂ ಅದಕ್ಕಿಂತ ಮೇಲಾದ ಮಾನದಂಡ ನನಗಂತೂ ತೋರುತ್ತಿಲ್ಲ.